ಕೈ ಬಿಗಿಯಾದ ವರ್ಷದ ಹಬ್ಬದೂಟ

ಹಬ್ಬದ ಖರ್ಚನ್ನು ಅರ್ಥಶಾಸ್ತ್ರ ಎಂದೂ ಅನುಮಾನದಿಂದಲೇ ನೋಡಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಕ್ರಿಸ್‌ಮಸ್ ಉಡುಗೊರೆಗಳ ಲೆಕ್ಕ ಹಾಕಿದರು. ಕೊಟ್ಟವರು ತೆತ್ತ ಬೆಲೆಗಿಂತ ಪಡೆದವರು ಕಟ್ಟುವ ಬೆಲೆ ಶೇ 10ರಿಂದ ಮೂರನೇ ಒಂದು ಭಾಗದವರೆಗೆ ಕಡಿಮೆ, ಆ ವ್ಯತ್ಯಾಸವೆಲ್ಲ ವ್ಯರ್ಥ ನಷ್ಟ ಎಂಬುದು ಅವರ ವಾದ. ಅರ್ಥಶಾಸ್ತ್ರ ಓದಿ, ಮುಂದೆ ಕಡತಗಳ ಮೇಲೆ ಮಿತವ್ಯಯದ ಷರಾ ಬರೆಯುತ್ತ ಕಾಲ ಕಳೆದ ನನಗೂ ಆ ವಾದ ಒಪ್ಪಿತವಾಗಿತ್ತು. 2012ರ ಡಿಸೆಂಬರ್‌ನಲ್ಲಿ ಮ್ಯಾಡ್ರಿಡ್ ನಗರದಲ್ಲಿ ಉಂಡ ಒಂದು ಊಟ ನನ್ನ ನಂಬಿಕೆಯನ್ನು ಸಡಿಲಗೊಳಿಸಿತು.

ಆ ವರ್ಷ ಸ್ಪೇನ್ ತೀವ್ರ ಸಂಕಷ್ಟದಲ್ಲಿತ್ತು. ವಸತಿ ನಿರ್ಮಾಣದ ಅಬ್ಬರ 2008ರ ಹೊತ್ತಿಗೆ ಕುಸಿದುಬಿದ್ದು, ಕೆಲಸ ಬಯಸುವ ನಾಲ್ವರಲ್ಲಿ ಒಬ್ಬರು ನಿರುದ್ಯೋಗಿಗಳಾಗಿದ್ದರು. ಆ ದೇಶದಲ್ಲಿ ನೌಕರರಿಗೆ ವರ್ಷಕ್ಕೆ ಎರಡು ಹೆಚ್ಚುವರಿ ವೇತನ ಪಡೆಯುವ ಹಕ್ಕಿದೆ. ಅವುಗಳಲ್ಲಿ ಒಂದು ಕ್ರಿಸ್‌ಮಸ್ ಸಮಯದ್ದು. ಹಬ್ಬದ ಸಾಮಗ್ರಿ ಮನೆಗೆ ಬರುವುದು ಬಹುಪಾಲು ಅದರಿಂದಲೇ. 2012ರ ಜುಲೈನಲ್ಲಿ ಸರ್ಕಾರ ವಿತ್ತೀಯ ಕೊರತೆ ತಗ್ಗಿಸುವ ಸಲುವಾಗಿ ಸರ್ಕಾರಿ ನೌಕರರ ಡಿಸೆಂಬರ್ ತಿಂಗಳ ಆ ವೇತನವನ್ನು ರದ್ದುಪಡಿಸಿತು. ತರಬೇತಿಯೊಂದರಲ್ಲಿ ಪರಿಚಿತರಾಗಿ ಸ್ನೇಹಿತರಾದ ನನ್ನ ಆತಿಥೇಯರೂ ಅದರ ಬಿಸಿ ತಟ್ಟಿದ ನೌಕರರಲ್ಲಿ ಒಬ್ಬರು.

ಸ್ಪೇನಿನಲ್ಲಿ ಡಿಸೆಂಬರ್ 24ರ ರಾತ್ರಿಯ ಭೋಜನ ಮನೆಮಂದಿಗೆ ಮೀಸಲು. ಸ್ನೇಹಿತರು ಸೇರುವುದು ಅದಕ್ಕೆ ಕೆಲವು ದಿನ ಮುಂಚೆ. ಅಂಥ ಕೂಟ ಪ್ರತಿ ವರ್ಷ ನನ್ನ ಮಿತ್ರರ ಮನೆಯಲ್ಲೇ ನಡೆಯುತ್ತಿತ್ತು. ಉಪ್ಪು ಸವರಿ ತಿಂಗಳುಗಟ್ಟಲೆ ಒಣಗಿಸಿದ ಹಂದಿಯ ತೊಡೆ, ಸಿಗಡಿ, ನೊರೆಯುಕ್ಕುವ 'ಕಾವಾ' ಮದ್ಯ ಎಲ್ಲವೂ ಅವರದೇ ಖರ್ಚು. ಈ ಬಾರಿ ಅವರು ಯಾರನ್ನೂ ಕರೆದಿರಲಿಲ್ಲ. ಕರೆಯದಿರಲು ಕಾರಣವನ್ನೂ ಹೇಳಿರಲಿಲ್ಲ. ಆದರೆ ಕಾರಣ ಗೆಳೆಯರಿಗೆ ತಿಳಿದಿತ್ತು. ಒಂದು ಸಂಜೆ ಅವರು ತಾವಾಗಿಯೇ ಬಂದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪಾತ್ರೆ.

ಹಂದಿ ತೊಡೆಯ ಬದಲು ಮೊಟ್ಟೆ–ಆಲೂಗೆಡ್ಡೆಯ ದಪ್ಪ 'ತೊರ್ತಿಯಾ' ಬಂತು. ಸೇಬಿನೊಂದಿಗೆ ಬೇಯಿಸಿದ ಕೆಂಪು ಎಲೆಕೋಸು, ಹಾಲು, ಬಾದಾಮಿ, ಬ್ರೆಡ್ಡು ಸೇರಿಸಿ ಕುದಿಸಿದ ಸಿಹಿಯಾದ ಬಾದಾಮಿ ಸೂಪು ಬಂದವು. ಇವೆರಡೂ ಮ್ಯಾಡ್ರಿಡ್‌ನ ಹಳೆಯ ಕ್ರಿಸ್‌ಮಸ್ ಅಡುಗೆಗಳು. ಸಸ್ಯಾಹಾರಿಯಾದ ನನ್ನ ಪಾಲಿಗೆ ಅದೃಷ್ಟ. ಅಲಿಕಾಂತೆ ಪ್ರಾಂತ್ಯದ, ಬಾದಾಮಿ–ಜೇನಿನ 'ತುರೋನ್' ನಮ್ಮ ಚಿಕ್ಕಿಯ ಶ್ರೀಮಂತ ಬಂಧುವಿನಂತಿತ್ತು. ಬಾಯಲ್ಲಿಟ್ಟರೆ ಪುಡಿಯಾಗುವ 'ಪೊಲ್ವೊರೋನ್' ಬಿಸ್ಕತ್ತಿಗೆ ನಾನು ಕೈಚಾಚಿದಾಗ ಗೃಹಿಣಿ ತಡೆದು, ಅದರಲ್ಲಿ ಹಂದಿಯ ಕೊಬ್ಬಿದೆ ಎಂದು ಎಚ್ಚರಿಸಿದರು. ಎಲ್ಲರೂ ಕಾವಾ ಎತ್ತಿದಾಗ ನನ್ನ ಲೋಟಕ್ಕೆ ಹುದುಗದ ದ್ರಾಕ್ಷಿ ರಸ 'ಮೊಸ್ತೊ' ಸುರಿದರು. ಮದ್ಯ ಮುಟ್ಟದವನಿಗೂ ಲೋಟ ಎತ್ತುವ ಅವಕಾಶ ತಪ್ಪಲಿಲ್ಲ.

ಊಟದ ನಂತರ ಲಾಟರಿಯ ವಿಷಯ ಬಂತು. 1812ರಿಂದ ನಡೆದುಬಂದಿರುವ ಕ್ರಿಸ್‌ಮಸ್ ಲಾಟರಿಯ ಡ್ರಾ ಡಿಸೆಂಬರ್ 22ರಂದು. ಶಾಲಾ ಮಕ್ಕಳು ಸಂಖ್ಯೆಗಳನ್ನು ರಾಗವಾಗಿ ಹಾಡಿ ಘೋಷಿಸುತ್ತಾರೆ. ಸಂಗ್ರಹವಾದ ಹಣದಲ್ಲಿ ಶೇ 70 ಮಾತ್ರ ಬಹುಮಾನವಾಗಿ ಮರಳುತ್ತದೆ. ಎಂದರೆ 20 ಯೂರೋ ಟಿಕೆಟಿನ ನಿರೀಕ್ಷಿತ ಮೌಲ್ಯ 14 ಯೂರೋ. ಇದು ನಷ್ಟದ ವ್ಯಾಪಾರವೆಂದು ನಾನು ವಿವರಿಸಿದೆ. ಯಾರೂ ವಾದಿಸಲಿಲ್ಲ, ನಕ್ಕರು. ಗುಂಪಾಗಿ ಕೊಂಡ ಐದು ಟಿಕೆಟ್‌ಗಳ ನೆರಳಚ್ಚು ಪ್ರತಿಯ ಮೇಲೆ ಒಬ್ಬರು ಪಾಲುದಾರರ ಹೆಸರು ಬರೆಯತೊಡಗಿದರು. ಹತ್ತು ಪಾಲು, ತಲೆಗೆ ಹತ್ತು ಯೂರೋ.

ಮೇಜಿನ ತುದಿಯಲ್ಲಿ ಕಟ್ಟಡ ನಕ್ಷೆ ಬರೆಯುವ ಕೆಲಸ ಕಳೆದುಕೊಂಡು ಎರಡು ವರ್ಷವಾಗಿದ್ದ ಗೆಳೆಯರೊಬ್ಬರು ಕುಳಿತಿದ್ದರು. ಹಣ ಒಟ್ಟುಗೂಡಿಸುವಾಗ ಅವರು ಎದ್ದು ಬಾಲ್ಕನಿಯತ್ತ ಹೋದರು. ಮರಳಿ ಬಂದಾಗ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಅವರ ಹತ್ತು ಯೂರೋ ಯಾರು ಕೊಟ್ಟರೆಂದು ಅವರು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಪಟ್ಟಿಯನ್ನು ಮಡಿಚಿ ಅವರ ಜೇಬಿಗೇ ಇಟ್ಟರು. ಡ್ರಾ ದಿನದವರೆಗೆ ಅದನ್ನು ಕಾಪಾಡುವ ಹೊಣೆ ಅವರದಾಯಿತು.

ಬಹುಮಾನ ಬರಲಿಲ್ಲ. ಬಹುಮಾನ ಬಾರದವರು ಪರಸ್ಪರ ಆರೋಗ್ಯ ಹಾರೈಸುವುದು ಅಲ್ಲಿನ ವಾಡಿಕೆಯಾದ್ದರಿಂದ, ಡಿಸೆಂಬರ್ 22ನ್ನು ಅಲ್ಲಿಯವರು ತಮಾಷೆಗೆ ಆರೋಗ್ಯದ ದಿನ ಎನ್ನುತ್ತಾರೆ. ಅಂದು ಮಿತ್ರರ ಮನೆಯ ದೂರವಾಣಿ ಹತ್ತಾರು ಬಾರಿ ಮೊಳಗಿತು. ನಕ್ಷೆಗಾರರ ಕರೆಯೂ ಅವುಗಳಲ್ಲಿತ್ತು.

ವಾಲ್ಡ್‌ಫೋಗೆಲ್ ಅವರ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಅವರು ಅಳೆದದ್ದು ಉಡುಗೊರೆಯನ್ನು, ಸಹಭೋಜನವನ್ನಲ್ಲ. ಆ ಟಿಕೆಟಿನಲ್ಲಿ ಕರಗಿದ ಆರು ಯೂರೋ ಕೊಂಡದ್ದು ಏನನ್ನು? ಒಬ್ಬ ಮನುಷ್ಯ ಪಟ್ಟಿಯಿಂದ ಬಿಟ್ಟುಹೋಗದಂತೆ ನೋಡಿಕೊಳ್ಳುವ ಅವಕಾಶವನ್ನು. ಅದನ್ನು ಬರೆದಿಡುವ ಕಾಲಂ ನಮ್ಮ ಲೆಕ್ಕಪುಸ್ತಕಗಳಲ್ಲಿಲ್ಲ. ಸ್ಪೇನ್ ಸರ್ಕಾರ ತಡೆದ ವೇತನವನ್ನು 2015–16ರಲ್ಲಿ ಕಂತುಗಳಲ್ಲಿ ಮರಳಿಸಿ ತನ್ನ ಲೆಕ್ಕ ಚುಕ್ತಾ ಮಾಡಿತು. ಆ ಗೆಳೆಯರ ನಡುವಿನ ಲೆಕ್ಕ ಮಾತ್ರ ಇಂದಿಗೂ ಚುಕ್ತಾ ಆಗಿಲ್ಲ. ಆಗಬೇಕೆಂಬ ಅಪೇಕ್ಷೆಯೂ ಅವರಿಗಿಲ್ಲ.

2020ರಲ್ಲಿ ನಮ್ಮಲ್ಲಿಯೂ ಸರ್ಕಾರಿ ನೌಕರರ ತುಟ್ಟಿಭತ್ಯೆಯ ಹೆಚ್ಚಳ ತಡೆಹಿಡಿಯಲಾಯಿತು. ಖಾಸಗಿ ವಲಯದಲ್ಲಿ ಕೆಲಸವನ್ನೇ ಕಳೆದುಕೊಂಡವರು ಎಷ್ಟೋ ಮಂದಿ. ಸೋಂಕಿನ ಭಯ ಕಳೆದ ಮೇಲೂ ಕೆಲವು ಹಳೆಯ ಮನೆಗಳಿಂದ ಹಬ್ಬದ ಕರೆ ಬರುವುದು ನಿಂತಿತು. ಪುರುಸೊತ್ತಿಲ್ಲದಿರಬಹುದು ಎಂದು ನಾವು ಸುಮ್ಮನಾದೆವು. ಕರೆಯದ ಸ್ನೇಹಿತ ಮರೆತಿರಲಿಕ್ಕಿಲ್ಲ; ಸಂಕೋಚಪಟ್ಟಿರಬಹುದು. ಮುಂದಿನ ಹಬ್ಬಕ್ಕೆ ಅಂಥ ಮನೆಯ ಬಾಗಿಲಿಗೆ ಒಂದು ಡಬ್ಬಿ ಚಿತ್ರಾನ್ನದೊಂದಿಗೆ, ಕರೆಯದೆಯೇ, ಹೋಗಬೇಕೆಂದು ನಾನು ನಿಶ್ಚಯಿಸಿದ್ದೇನೆ.