ನ್ಯಾಯಮೂರ್ತಿ ಗಜೇಂದ್ರಗಡಕರರು

ಕೋರ್ಟಿನ ಮೆಟ್ಟಿಲು ಹತ್ತುವ ಪ್ರಸಂಗ ಬಾರದಿರಲೆಂದು ನಮ್ಮ ಜತ್ತ ತಾಲೂಕಿನ ಹಿರಿಯರು ಹಾರೈಸುವುದುಂಟು. ವ್ಯಾಜ್ಯ ಬೇಡವೆಂಬುದು ಒಳ್ಳೆಯ ಮಾತೇ. ಆದರೆ ಅನ್ಯಾಯವಾದಾಗ ತಟ್ಟಲು ಒಂದು ಬಾಗಿಲು ಇರಲೇಬೇಕು. ಅದನ್ನು ಯಾರೂ ಮುಚ್ಚದಂತೆ ಕಾಯುವುದು ನ್ಯಾಯಾಧೀಶರ ಕರ್ತವ್ಯ. ಈ ಕರ್ತವ್ಯವನ್ನು ಚೆನ್ನಾಗಿ ನೆರವೇರಿಸಿದ ಮಹನೀಯರೊಬ್ಬರನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ಪರಿಚಯಿಸಬಯಸುತ್ತೇವೆ.

ಶ್ರೀ ಪ್ರಲ್ಹಾದ ಬಾಳಾಚಾರ್ಯ ಗಜೇಂದ್ರಗಡಕರರು 1901ನೆಯ ಇಸವಿ ಮಾರ್ಚ್ 16ರಂದು ಸಾತಾರೆಯಲ್ಲಿ ಜನಿಸಿದರು. ನಮ್ಮ ಸಾಂಗಲಿ ಜಿಲ್ಲೆಗೂ 1960ರವರೆಗೆ ದಕ್ಷಿಣ ಸಾತಾರಾ ಎಂಬ ಹೆಸರೇ ಇದ್ದಿತು. ಅವರ ಮನೆತನದ ಹೆಸರು ಕನ್ನಡ ನಾಡಿನ ಗಜೇಂದ್ರಗಡದಿಂದ ಬಂದುದು. ತಂದೆಯವರು ಸಂಸ್ಕೃತ ಪಂಡಿತರು. ಸಾತಾರೆಯಲ್ಲಿ ಶಾಲೆಯನ್ನು ಮುಗಿಸಿದ ತರುಣನು ಧಾರವಾಡದ ಕರ್ನಾಟಕ ಕಾಲೇಜನ್ನು ಸೇರಿದನು. ಅನಂತರ ಪುಣೆಯ ಡೆಕ್ಕನ್ ಕಾಲೇಜಿಗೆ ಹೋಗಿ 1924ರಲ್ಲಿ ಎಂ.ಎ. ಪದವಿಯನ್ನೂ, 1926ರಲ್ಲಿ ಕಾಯಿದೆಯ ಪದವಿಯನ್ನೂ ಪಡೆದನು. ಅದೇ ವರ್ಷ ಮುಂಬಯಿಯಲ್ಲಿ ವಕೀಲಿ ವೃತ್ತಿಯು ಆರಂಭವಾಯಿತು. ಮನೆಯಿಂದ ಬಂದ ಸಂಸ್ಕೃತ ಜ್ಞಾನವು ವ್ಯರ್ಥವಾಗಲಿಲ್ಲ. ದತ್ತಕದ ವಿಷಯವಾದ ‘ದತ್ತಕಮೀಮಾಂಸಾ’ ಗ್ರಂಥವನ್ನು ಅವರು ಸಂಪಾದಿಸಿದರು. 1945ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದರು. ಬ್ರಿಟಿಷರ ಕಾಲದಲ್ಲಿ, 1937ರಲ್ಲಿ, ಆರಂಭವಾದ ಫೆಡರಲ್ ಕೋರ್ಟಿನ ಸ್ಥಾನದಲ್ಲಿ 1950ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಸ್ಥಾಪಿತವಾಯಿತಷ್ಟೆ. 1956ರಲ್ಲಿ ಅದರ ನ್ಯಾಯಾಧೀಶರಾಗಿ, 1964ರ ಫೆಬ್ರುವರಿ 1ರಂದು ಭಾರತದ ಮುಖ್ಯ ನ್ಯಾಯಾಧೀಶರಾದರು.

ಮುಂದಿನ ತಿಂಗಳೇ ಕಠಿಣವಾದ ಪ್ರಸಂಗವೊಂದು ಒದಗಿತು. ಗೋರಖಪುರದ ಕೇಶವಸಿಂಗ ಎಂಬವರನ್ನು ಉತ್ತರಪ್ರದೇಶದ ವಿಧಾನಸಭೆಯು ತನಗೆ ಅಗೌರವ ತೋರಿದರೆಂದು ಏಳು ದಿನಗಳ ಸೆರೆಗೆ ಕಳಿಸಿತು. ಅವರ ಪರವಾದ ಅರ್ಜಿಯನ್ನು ನೋಡಿ ಹೈಕೋರ್ಟಿನ ಇಬ್ಬರು ನ್ಯಾಯಾಧೀಶರು ಜಾಮೀನಿನ ಮೇಲೆ ಬಿಡುಗಡೆಗೆ ಅಪ್ಪಣೆಯಿತ್ತರು. ಆಗ ಆ ನ್ಯಾಯಾಧೀಶರನ್ನೂ, ವಕೀಲರನ್ನೂ ಹಿಡಿದು ತರಬೇಕೆಂದು ಸಭೆಯು ನಿರ್ಣಯಿಸಿತು! ಅಲಾಹಾಬಾದ ಹೈಕೋರ್ಟಿನ 28 ನ್ಯಾಯಾಧೀಶರು ಒಟ್ಟಿಗೆ ಕುಳಿತು ಅದನ್ನು ತಡೆದರು. ರಾಷ್ಟ್ರಪತಿಗಳು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯವನ್ನು ಕೇಳಿದರು.

1964ರ ಸೆಪ್ಟೆಂಬರ್ 30ರಂದು ಏಳು ನ್ಯಾಯಾಧೀಶರಲ್ಲಿ ಆರು ಜನರ ಪರವಾಗಿ ಗಜೇಂದ್ರಗಡಕರರು ಅಭಿಪ್ರಾಯವನ್ನು ಕೊಟ್ಟರು. ನಮ್ಮ ದೇಶದಲ್ಲಿ ಸಂವಿಧಾನವೇ ಎಲ್ಲಕ್ಕಿಂತ ಮೇಲಿನದು. ಸೆರೆಯಲ್ಲಿದ್ದವನ ಅರ್ಜಿಯನ್ನು ವಿಚಾರಿಸುವ ಅಧಿಕಾರ ಹೈಕೋರ್ಟಿಗೆ ಉಂಟು. ವಿಚಾರಿಸಿದ ನ್ಯಾಯಾಧೀಶರು ತಪ್ಪಿತಸ್ಥರಲ್ಲ ಎಂಬುದೇ ಅದರ ಸಾರ. ಆದರೆ ಮರುವರ್ಷ ಕೇಶವಸಿಂಗರ ಅರ್ಜಿಯನ್ನು ಪೂರ್ಣವಾಗಿ ವಿಚಾರಿಸಿದ ಹೈಕೋರ್ಟು ಅದನ್ನು ತಳ್ಳಿಹಾಕಿತು. ಬಾಗಿಲು ತೆರೆದಿದೆಯೆಂದರೆ ಗೆಲವು ಖಂಡಿತವೆಂದಲ್ಲ. ನಮ್ಮ ಮಾತನ್ನು ಕೇಳುವವರುಂಟು ಎಂದರ್ಥ.

1966ರಲ್ಲಿ ನಿವೃತ್ತರಾದ ಮೇಲೆ ಅವರು ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳಾದರು. ಮುಂದೆ ಕಾಯಿದೆ ಆಯೋಗದ ಅಧ್ಯಕ್ಷರಾಗಿಯೂ ದುಡಿದರು. 1972ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯು ಸಂದಿತು. 1981ರಲ್ಲಿ ತೀರಿಕೊಂಡರು.

ಬಾಲಕ ಬಾಲಿಕೆಯರೇ, ಅಂಗಳದಲ್ಲಿ ಇಬ್ಬರು ಜಗಳಾಡಿದಾಗ ಮೊದಲು ಓಡಿ ಬಂದವನ ದೂರನ್ನಷ್ಟೇ ಕೇಳಿ ನಾವು ತೀರ್ಪು ಕೊಟ್ಟರೆ ನೀವು ಒಪ್ಪುವಿರಾ? ಮನೆಯಲ್ಲಿ ತಾಯಿತಂದೆಗಳೂ, ಶಾಲೆಯಲ್ಲಿ ನಾವೂ, ಗೆಳೆಯರಲ್ಲಿ ನೀವೂ ಇಬ್ಬರ ಮಾತನ್ನೂ ಕೇಳಿಯೇ ನಿರ್ಣಯಿಸುವ ರೂಢಿಯನ್ನು ಬೆಳೆಸಿಕೊಳ್ಳೋಣ. ನ್ಯಾಯದ ಮೊದಲ ಪಾಠವು ಇದೇ.