ವೈರಸ್ ಹೊಕ್ಕ ಕಂಪ್ಯೂಟರ್: ಫಾರ್ಮ್ಯಾಟ್ ಮಾಡುವಾಗ ಅಪ್‌ಡೇಟ್‌ಗಳನ್ನು ಉಳಿಸಿಕೊಳ್ಳುವುದು ಹೇಗೆ?

ಕಂಪ್ಯೂಟರ್‌ಗೆ ವೈರಸ್ ಹೊಕ್ಕಿದೆ, ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಬೇಕು. ಆದರೆ ಇಷ್ಟು ದಿನ ಇಳಿಸಿಕೊಂಡ ಅಪ್‌ಡೇಟ್‌ಗಳೆಲ್ಲ ಹೋಗಿಬಿಡ್ತದಲ್ಲ, ಅವನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟರೆ ಆಗದಾ?

ಮನೆಗೆ ಫೈಬರ್ ಸಂಪರ್ಕ ಇರುವವರಿಗೆ ಇದು ಪ್ರಶ್ನೆಯೇ ಅಲ್ಲ. ಆದರೆ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂತವರಿಗೆ ಹಾಗಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕನ್ನು ತೆಗೆದುಕೊಳ್ಳಿ. ವಿಜಯಪುರ, ಬೆಳಗಾವಿ ಜಿಲ್ಲೆಗಳ ಅಂಚಿಗೆ ಇರುವ, ಕನ್ನಡ ಮಾತಾಡುವ ಹಳ್ಳಿಗಳೂ ಕನ್ನಡ ಶಾಲೆಗಳೂ ಇರುವ ತಾಲೂಕು ಅದು. ಅಲ್ಲಿನ ಶೇಗಾಂವದಲ್ಲಿ ಹನ್ನೆರಡನೇ ತರಗತಿಯ ಒಬ್ಬ ಹುಡುಗ, ದಿನಕ್ಕೆ ಒಂದೂವರೆ ಜಿಬಿ ಡೇಟಾ ಪ್ಯಾಕ್, ಗಲ್ಫ್‌ನಲ್ಲಿರುವ ಅಣ್ಣ ತಂದುಕೊಟ್ಟ ಹಳೆಯ ಲ್ಯಾಪ್‌ಟಾಪ್ ಎಂದಿಟ್ಟುಕೊಳ್ಳಿ. ವಿಂಡೋಸ್‌ನ ಪೂರ್ತಿ ಫೈಲ್ ಐದು ಜಿಬಿಗೂ ಹೆಚ್ಚು. ಅದನ್ನು ಇಳಿಸುವುದಕ್ಕೇ ನಾಲ್ಕು ದಿನ ಬೇಕು. ಮೇಲೆ ಅಪ್‌ಡೇಟ್ ಬೇರೆ. ಅಷ್ಟರಲ್ಲಿ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ದಾಟಿ ಹೋಗಬಹುದು. ಬೆಳ್ತಂಗಡಿ, ಸುಳ್ಯದ ಗುಡ್ಡದ ಮೇಲಿನ ನಮ್ಮ ಮನೆಗಳ ಕತೆಯೂ ಇದಕ್ಕಿಂತ ದೂರವೇನಿಲ್ಲ.

ಹಾಗಿದ್ದರೆ ಅಪ್‌ಡೇಟ್ ಆಮೇಲೆ ನೋಡೋಣ ಎಂದು ಬಿಟ್ಟರೆ ಏನಾಗ್ತದೆ? ಇದಕ್ಕೆ ಉತ್ತರ 2003ರಲ್ಲೇ ಸಿಕ್ಕಿದೆ. ವಿಂಡೋಸ್ ಎಕ್ಸ್‌ಪಿಯ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷ ಜುಲೈ 16ರಂದು ಪ್ಯಾಚ್ ಕೊಟ್ಟಿತು. ಆಗಸ್ಟ್ 11ರ ಹೊತ್ತಿಗೆ ಅದೇ ದೋಷದ ಮೂಲಕ ನುಗ್ಗುವ ಬ್ಲಾಸ್ಟರ್ ಎಂಬ ವರ್ಮ್ ಹರಡತೊಡಗಿತು. ಜನ ಫಾರ್ಮ್ಯಾಟ್ ಮಾಡಿ, ಹಳೆಯ ಸಿಡಿಯಿಂದ ಎಕ್ಸ್‌ಪಿ ಹಾಕಿ, ಪ್ಯಾಚ್ ಇಳಿಸಲೆಂದು ನೆಟ್‌ಗೆ ಸೇರಿಸಿದರೆ, ಪ್ಯಾಚ್ ಇಳಿಯುವ ಮೊದಲೇ ವೈರಸ್ ಮತ್ತೆ ಹೊಕ್ಕಿರುತ್ತಿತ್ತು! ಅಪ್‌ಡೇಟನ್ನು ಮೊದಲೇ ಸಿಡಿಗೆ ಹಾಕಿಟ್ಟುಕೊಳ್ಳುವ ಅಭ್ಯಾಸ ಬೆಳೆದದ್ದಕ್ಕೆ ಇದೂ ಒಂದು ಕಾರಣ. 2004ರ ಸರ್ವಿಸ್ ಪ್ಯಾಕ್ 2ರ ನಂತರ ಫೈರ್‌ವಾಲ್ ತಾನಾಗಿಯೇ ಆನ್ ಇರುವುದರಿಂದ ಪರಿಸ್ಥಿತಿ ಸುಧಾರಿಸಿತು ನಿಜ. ಆದರೂ 2017ರ ಮೇ 12ರಂದು ಜಗತ್ತನ್ನೇ ಕಂಗೆಡಿಸಿದ ವಾನ್ನಾಕ್ರೈಗೆ ಮಾರ್ಚ್ 14ರಂದೇ ಪ್ಯಾಚ್ ಬಂದಿತ್ತು. ಎರಡು ತಿಂಗಳು ಅದನ್ನು ಹಾಕಿಕೊಳ್ಳದೆ ಕೂತವರೇ ಹೆಚ್ಚಾಗಿ ಸಿಕ್ಕಿಬಿದ್ದದ್ದು.

ಈಗ ಮೂಲ ಪ್ರಶ್ನೆಗೆ ಬರೋಣ. ಇಳಿಸಿದ ಅಪ್‌ಡೇಟ್‌ಗಳು ಸಿ ಡ್ರೈವ್‌ನಲ್ಲಿ ವಿಂಡೋಸ್ ಫೋಲ್ಡರ್‌ನ ಒಳಗೆ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಶನ್ ಎಂಬಲ್ಲಿ ಇರುತ್ತವೆ. ಅದನ್ನು ಕಾಪಿ ಮಾಡಿ ಪ್ರಯೋಜನ ಇಲ್ಲ. ಅಲ್ಲಿರುವುದು ಹೆಚ್ಚಾಗಿ ಆ ಕಂಪ್ಯೂಟರ್‌ಗೆ ಬೇಕಾದಷ್ಟೇ ತುಂಡು ಫೈಲ್‌ಗಳು, ಕೆಲಸ ಮುಗಿದ ಮೇಲೆ ವಿಂಡೋಸ್ ಅವನ್ನು ಅಳಿಸಿಯೂ ಬಿಡುತ್ತದೆ. ಅದಕ್ಕಿಂತ ಮುಖ್ಯ, ವೈರಸ್ ಓಡಾಡಿದ ಮನೆಯಿಂದ ಬೀಗ ತಂದು ಹೊಸ ಮನೆಗೆ ಹಾಕುವವರು ಯಾರು?

ಸಮಾಧಾನದ ವಿಷಯ ಏನೆಂದರೆ, ಹಳೆಯದನ್ನು ಉಳಿಸುವ ಅಗತ್ಯವೇ ಈಗ ಇಲ್ಲ. ಎಕ್ಸ್‌ಪಿ ಕಾಲದಲ್ಲಿ ನೂರಾರು ಪ್ಯಾಚ್ ಒಂದೊಂದಾಗಿ ಹಾಕಬೇಕಿತ್ತು. ವಿಂಡೋಸ್ 10 ಬಂದ 2015ರಿಂದ ತಿಂಗಳ ಅಪ್‌ಡೇಟ್ ಒಟ್ಟುಗೂಡಿಸಿದ ರೂಪದಲ್ಲಿ ಬರುತ್ತದೆ. ಅಂದರೆ ಈ ತಿಂಗಳದ್ದರಲ್ಲಿ ಹಿಂದಿನ ತಿಂಗಳುಗಳದ್ದೂ ಸೇರಿರುತ್ತದೆ. ಕೊನೆಯದೊಂದು ಕೈಯಲ್ಲಿದ್ದರೆ ಬಹುಪಾಲು ಕೆಲಸ ಮುಗಿಯಿತು. ಅದನ್ನು ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ಅಧಿಕೃತ ತಾಣದಿಂದ ಯಾರು ಬೇಕಾದರೂ ಉಚಿತವಾಗಿ ಇಳಿಸಬಹುದು. ಪ್ರತಿ ಅಪ್‌ಡೇಟ್‌ಗೂ ಕೆಬಿ ಎಂದು ಶುರುವಾಗುವ ಒಂದು ಸಂಖ್ಯೆ ಇದೆ, ಅದನ್ನು ಹಾಕಿ ಹುಡುಕಿದರಾಯ್ತು. ನಿಮ್ಮ ವಿಂಡೋಸ್ ಯಾವ ಆವೃತ್ತಿ, 64 ಬಿಟ್ಟೋ 32 ಬಿಟ್ಟೋ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಕೆಲವೊಮ್ಮೆ ಒಂದರ ಬದಲು ಎರಡು ಫೈಲ್ ತೋರಿಸುತ್ತದೆ, ಆಗ ಎರಡನ್ನೂ ಇಳಿಸಬೇಕು.

ಈ ಕೆಲಸ ವೈರಸ್ ಇಲ್ಲದ ಬೇರೆ ಕಂಪ್ಯೂಟರ್‌ನಲ್ಲಿ ಆಗಬೇಕು. ಪೇಟೆಯಲ್ಲಿರುವ ಸ್ನೇಹಿತನ ಮನೆ, ಕಾಲೇಜಿನ ಲ್ಯಾಬ್, ಎಲ್ಲಿ ಒಳ್ಳೆಯ ನೆಟ್ ಉಂಟೋ ಅಲ್ಲಿ. ಕನಿಷ್ಠ 8 ಜಿಬಿಯ ಒಂದು ಖಾಲಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ ವಿಂಡೋಸ್ ಹಾಕಿಕೊಳ್ಳಿ. ಇನ್ನೊಂದು ಪೆನ್‌ಡ್ರೈವ್‌ಗೆ ಕ್ಯಾಟಲಾಗ್‌ನ ಅಪ್‌ಡೇಟ್, ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ವೈಫೈ ಡ್ರೈವರ್, ಡಿಫೆಂಡರ್‌ನ ಆಫ್‌ಲೈನ್ ಅಪ್‌ಡೇಟ್. ವೈಫೈ ಡ್ರೈವರ್ ಮರೆತರೆ ಹೊಸ ವಿಂಡೋಸ್ ಬಂದರೂ ನೆಟ್ ಸಿಗದೆ ಒದ್ದಾಡಬೇಕಾದೀತು.

ಸೆಟ್ಟಿಂಗ್ಸ್‌ನಲ್ಲಿ 'ರೀಸೆಟ್ ದಿಸ್ ಪಿಸಿ' ಇದೆಯಲ್ಲ ಎಂದು ಕೇಳುವವರಿದ್ದಾರೆ. ಲೋಕಲ್ ರೀಇನ್‌ಸ್ಟಾಲ್ ಆರಿಸಿದರೆ ಹಳೆಯ ಅಪ್‌ಡೇಟ್‌ಗಳು ಬಹುಪಾಲು ಉಳಿಯುತ್ತವೆ, ಡೇಟಾವೂ ಖರ್ಚಾಗುವುದಿಲ್ಲ. ಕಂಪ್ಯೂಟರ್ ನಿಧಾನವಾಗಿದೆ ಅಷ್ಟೇ ಎಂದಾದರೆ ಅದು ಸಾಕು. ಆದರೆ ಅದು ಡಿಸ್ಕ್‌ನಲ್ಲಿ ಈಗಾಗಲೇ ಇರುವ ಸಿಸ್ಟಂ ಫೈಲ್‌ಗಳಿಂದಲೇ ವಿಂಡೋಸನ್ನು ಮತ್ತೆ ಕಟ್ಟುತ್ತದೆ. ವೈರಸ್ ಅವನ್ನೇ ಮುಟ್ಟಿದ್ದರೆ? ಹಾಗಾಗಿ ವೈರಸ್ ಬಂದಾಗ ಪೆನ್‌ಡ್ರೈವ್ ದಾರಿಯೇ ನನ್ನ ಮಟ್ಟಿಗೆ ಸರಿ.

ಫಾರ್ಮ್ಯಾಟ್‌ಗೆ ಮೊದಲು ಫೋಟೋ, ಅಂಕಪಟ್ಟಿ, ಅರ್ಜಿಗಳನ್ನು ತೆಗೆದಿಡಬೇಕು. ಸೋಂಕಿತ ವಿಂಡೋಸನ್ನು ಚಾಲೂ ಮಾಡಿ ಕಾಪಿ ಮಾಡಿದರೆ ಪೆನ್‌ಡ್ರೈವ್‌ಗೂ ವೈರಸ್ ಅಂಟೀತು. ಝೆರಾಕ್ಸ್ ಅಂಗಡಿಗಳಿಂದ ಬರುವ 'ಶಾರ್ಟ್‌ಕಟ್ ವೈರಸ್' ಹರಡುವುದು ಹೀಗೆಯೇ. ಉಬುಂಟು ಅಥವಾ ಲಿನಕ್ಸ್ ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ಕಾಪಿ ಮಾಡಿಕೊಂಡರೆ ವಿಂಡೋಸ್ ವೈರಸ್‌ಗೆ ಎದ್ದೇಳುವ ಅವಕಾಶ ಇಲ್ಲ. ಕಾಸರಗೋಡಿನ ಸರಕಾರಿ ಶಾಲೆಯ ಮಕ್ಕಳಿಗೆ ಇದು ಹೊಸತೇನಲ್ಲ, ಕೇರಳದ ಶಾಲೆಗಳಲ್ಲಿ ಕಲಿಸುವುದೇ ಉಬುಂಟು ಆಧಾರಿತ ವ್ಯವಸ್ಥೆ. ಸೆಟಪ್ ಫೈಲ್, ಕ್ರ್ಯಾಕ್, ಗೇಮ್ ಯಾವುದನ್ನೂ ಕಾಪಿ ಮಾಡಬೇಡಿ. ನುಡಿ ಅಥವಾ ಬರಹದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಆ ಫಾಂಟ್‌ಗಳ ಹೆಸರು ಬರೆದಿಡಿ. ಇಲ್ಲದಿದ್ದರೆ ಹೊಸ ವಿಂಡೋಸ್‌ನಲ್ಲಿ ಕನ್ನಡದ ಬದಲು ಅರ್ಥವಾಗದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ.

ಹೊಸ ವಿಂಡೋಸ್ ಹಾಕುವಾಗ ಆ ಡಿಸ್ಕ್‌ನ ಎಲ್ಲ ಪಾರ್ಟಿಶನ್ ಅಳಿಸಿ. ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿ ಡಿ ಡ್ರೈವ್ ಹಾಗೇ ಬಿಟ್ಟರೆ, ಅಲ್ಲಿ ಅಡಗಿದ್ದ ಫೈಲ್ ಒಂದು ಕ್ಲಿಕ್‌ಗೆ ಮತ್ತೆ ಬರುತ್ತದೆ. ಆಮೇಲೆ ಮೊದಲು ಪೆನ್‌ಡ್ರೈವ್‌ನ ಅಪ್‌ಡೇಟ್, ನಂತರ ಡಿಫೆಂಡರ್, ಆಮೇಲಷ್ಟೇ ನೆಟ್. ನಿಮ್ಮ ಕಡತಗಳನ್ನು ಕೊನೆಗೆ, ಸ್ಕ್ಯಾನ್ ಮಾಡಿ ವಾಪಸ್ ತನ್ನಿ. ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದರೆ ಡೆಲಿವರಿ ಆಪ್ಟಿಮೈಸೇಶನ್ ಆನ್ ಮಾಡಿ, ಒಂದು ಇಳಿಸಿದ್ದನ್ನು ಇನ್ನೊಂದು ವೈಫೈ ಮೂಲಕ ಪಡೆಯುತ್ತದೆ.

ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಇದೆಲ್ಲದಕ್ಕೂ ಮೊದಲೇ ಬೇರೆ ಫೋನ್‌ನಿಂದ ಬದಲಿಸಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಇನ್ನೊಂದು ಮಾತು ಹೇಳಲೇಬೇಕು. ಅಂಗಡಿಗೆ ಕೊಟ್ಟರೆ ಕೆಲವರು ಪೈರೇಟೆಡ್ ವಿಂಡೋಸ್ ಹಾಕಿ, ಸಿಕ್ಕಿಬೀಳದಿರಲೆಂದು ಅಪ್‌ಡೇಟನ್ನೇ ಆಫ್ ಮಾಡಿ ಕೊಡುತ್ತಾರೆ. "ಇನ್ನು ತೊಂದರೆ ಇಲ್ಲ ಮಾರಾಯ್ರೇ, ಅಪ್‌ಡೇಟ್ ಕಿರಿಕಿರಿಯೇ ಇಲ್ಲ" ಎನ್ನುತ್ತಾರೆ. ವೈರಸ್ ಬಂದದ್ದೇ ಆ ಬಾಗಿಲಿನಿಂದ ಇರಬಹುದು. ಲ್ಯಾಪ್‌ಟಾಪ್ ಜೊತೆ ಅಸಲಿ ವಿಂಡೋಸ್ ಬಂದಿದ್ದರೆ ಅದರ ಪರವಾನಗಿ ಯಂತ್ರಕ್ಕೇ ಜೋಡಿಸಿಕೊಂಡಿರುತ್ತದೆ. ಅದೇ ಆವೃತ್ತಿ ಹಾಕಿ ನೆಟ್‌ಗೆ ಸೇರಿಸಿದರೆ ಸಾಮಾನ್ಯವಾಗಿ ತಾನೇ ಆಕ್ಟಿವೇಟ್ ಆಗುತ್ತದೆ, ಯಾರಿಗೂ ದುಡ್ಡು ಕೊಡಬೇಕಿಲ್ಲ.

ವಿಂಡೋಸ್ 7ಕ್ಕೆ 2020ರ ಜನವರಿ 14ರಂದೇ ಬೆಂಬಲ ನಿಂತಿದೆ, ಅದನ್ನು ಮತ್ತೆ ಹಾಕಿಸಬೇಡಿ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಉಚಿತ ಅಪ್‌ಡೇಟ್ ಮುಗಿದಿದೆ. 22ಎಚ್2 ಆವೃತ್ತಿ ಇದ್ದು ವಿಸ್ತರಿತ ಭದ್ರತೆಗೆ ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಸಿಗುತ್ತದೆ. ಹಳೆಯ ಯಂತ್ರ ವಿಂಡೋಸ್ 11ನ್ನು ಒಪ್ಪದಿದ್ದರೆ, ಕಡತ ಕಾಪಿ ಮಾಡಲು ತಂದ ಆ ಲಿನಕ್ಸ್ ಪೆನ್‌ಡ್ರೈವನ್ನೇ ಪೂರ್ತಿಯಾಗಿ ಇನ್‌ಸ್ಟಾಲ್ ಮಾಡಿಕೊಳ್ಳಬಹುದು.