ಸಕ್ಕರೆ ಕಾಯಿಲೆ: ತಕ್ಕಡಿ ಬೇರೆ, ಲೆಕ್ಕ ಬೇರೆ!

ದೇಶದಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟು ಮಂದಿ? 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಹೇಳಿದ್ದು ಸುಮಾರು 10 ಕೋಟಿ. 2024ರ ನವೆಂಬರಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಜಾಗತಿಕ ಅಧ್ಯಯನದ ಲೆಕ್ಕ 21 ಕೋಟಿ! ಅಷ್ಟರಲ್ಲೇ ಇನ್ನೂ 11 ಕೋಟಿ ಜನಕ್ಕೆ ರೋಗ ಅಂಟಿತೇ? ಹಾಗೇನಿಲ್ಲ ಸ್ವಾಮಿ. ಮುಖ್ಯವಾಗಿ ಬದಲಾದದ್ದು ತಕ್ಕಡಿ.

ಮೊದಲಿನವರು ಬರೀ ಹೊಟ್ಟೆಯಲ್ಲಿ ರಕ್ತ ನೋಡಿದರು. ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ಮತ್ತೆ ನೋಡಿದರು. ಎರಡನೆಯವರು ಬರೀ ಹೊಟ್ಟೆಯ ಲೆಕ್ಕದ ಜತೆಗೆ ಎಚ್‌ಬಿಎ1ಸಿ ಹಿಡಿದರು. ಇದು ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ, ಶೇಕಡಾ 6.5 ಮುಟ್ಟಿದರೆ ಕಾಯಿಲೆ ಎಂದೇ ಲೆಕ್ಕ. ಒಂದರಲ್ಲಿ ಪಾಸಾದವರು ಇನ್ನೊಂದರಲ್ಲಿ ಫೇಲಾಗುವುದುಂಟು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಸುಮ್ಮನೆ ಏರಿದಂತೆ ಕಾಣಬಹುದು. ನಮ್ಮಲ್ಲಿ ರಕ್ತಹೀನತೆಗೇನು ಬರವೇ?

ಗೆರೆ ಸರಿಸಿದ್ದು ಹಿಂದೆಯೂ ಉಂಟು. ಬರೀ ಹೊಟ್ಟೆಗೆ 140 ಇದ್ದ ಮಿತಿಯನ್ನು ಅಮೆರಿಕದ ಡಯಾಬಿಟಿಸ್ ಸಂಘ 1997ರಲ್ಲಿ 126ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಅದನ್ನೇ ಒಪ್ಪಿತು. 130 ಇದ್ದು ನಿಶ್ಚಿಂತೆಯಾಗಿದ್ದವರು ರಾತ್ರಿ ಕಳೆದು ಬೆಳಗಾಗುವುದರಲ್ಲಿ ರೋಗಿಗಳ ಪಟ್ಟಿಗೆ ಸೇರಿದರು!

ಹಾಗಂತ ಕಾಯಿಲೆಯೇ ಸುಳ್ಳು ಅನ್ನಬೇಡಿ. 10 ಕೋಟಿಯೇನು ಚಿಲ್ಲರೆ ಲೆಕ್ಕವೇ? ಆದರೆ ಔಷಧಿ, ಆಸ್ಪತ್ರೆಗೆ ಹಣ ತೆಗೆದಿಡುವ ಸರಕಾರ ಯಾವ ಅಂಕಿ ನಂಬಬೇಕು? ಕಾಯಿಲೆ ಏರಿತು, ಇಳಿಯಿತು ಎನ್ನುವ ಮೊದಲು ಎರಡೂ ಸಲ ತೂಗಿದ್ದು ಒಂದೇ ತಕ್ಕಡಿಯಲ್ಲೋ ನೋಡಬೇಕು. ನಿಮ್ಮ ಕೈಗೆ ಲ್ಯಾಬ್ ಚೀಟಿ ಬಂದಾಗಲೂ ಅಷ್ಟೇ: ಇದು ಯಾವ ಪರೀಕ್ಷೆ, ಇನ್ನೊಂದು ಬೇಕೇ ಎಂದು ಡಾಕ್ಟರನ್ನು ಕೇಳಿ.